ಕರಿಬೇವಿನ ಕುಂಡದಿಂದ ಶುರು ಮಾಡಿ

ನಮಸ್ಕಾರ.

ಬ್ಲಡ್ ಬೌಲ್ ಎಂಬ ಮೇಜಿನ ಆಟದ ಬಗ್ಗೆ ನೀವು ಕಳಿಸಿದ ‘ಮಗನೊಂದಿಗೆ ಬ್ಲಡ್ ಬೌಲ್’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸು ಬರಲಿಲ್ಲ. ಅದಕ್ಕೆ ಕಾರಣ ಲೇಖನವಲ್ಲ, ಅದರ ಜೊತೆ ನೀವು ಬರೆದ ಪತ್ರ.

ಮೊದಲು ಲೇಖನದ ವಿಷಯ. ನೀವು 1986ರಿಂದ ಶುರು ಮಾಡಿದ್ದೀರಿ. ಗೇಮ್ಸ್ ವರ್ಕ್‌ಶಾಪ್ ಕಂಪನಿ, ಆಟ ಕಟ್ಟಿದ ಜರ್ವಿಸ್ ಜಾನ್ಸನ್, 2016ರಲ್ಲಿ ಮತ್ತೆ ಅಂಗಡಿಗೆ ಬಂದ ಪೆಟ್ಟಿಗೆ, 2020ರ ಹೊಸ ನಿಯಮ. ತಪ್ಪೇನಿಲ್ಲ. ಆದರೆ ಎರಡು ಪುಟ ಮುಗಿದರೂ ನಿಮ್ಮ ಮಗನ ಸುಳಿವಿಲ್ಲ! ಕಥೆಗಳ ವಿಚಿತ್ರ ಜೀವಿಗಳಾದ ಓರ್ಕ್, ಎಲ್ಫ್, ಗಾಬ್ಲಿನ್‌ಗಳು ಅಮೆರಿಕನ್ ಫುಟ್‌ಬಾಲ್ ಥರದ ಆಟ ಆಡುತ್ತಾ ಹೊಡೆದಾಡುತ್ತವೆ, ನಾವು ಅವುಗಳ ಪುಟ್ಟ ಗೊಂಬೆಗಳನ್ನು ಮೇಜಿನ ಮೇಲೆ ನಡೆಸುತ್ತೇವೆ. ಇಷ್ಟು ಹೇಳಿದರೆ ಸಾಕು. ನೀವಿರುವುದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ, ಆ ಕಂಪನಿಯ ಊರಿನಲ್ಲೇ. ಅದಕ್ಕೂ ಒಂದು ಸಾಲು ಕೊಡಿ. ಚರಿತ್ರೆಯಲ್ಲಿ ನಾನು ಉಳಿಸಿಕೊಳ್ಳುವುದು ನಫಲ್ ದೇವರನ್ನು ಮಾತ್ರ. ಎನ್‌ಎಫ್‌ಎಲ್ ಎಂಬ ಅಮೆರಿಕನ್ ಫುಟ್‌ಬಾಲ್ ಲೀಗಿನ ಮೂರು ಅಕ್ಷರ ಕೂಡಿಸಿ ಓದಿ ಒಬ್ಬ ದೇವರನ್ನೇ ಮಾಡಿಬಿಟ್ಟಿದ್ದಾರಲ್ಲ, ಅದಕ್ಕೆ ನಮ್ಮ ಓದುಗರು ಖಂಡಿತ ನಗುತ್ತಾರೆ. ದಾಳ ಕೈಕೊಟ್ಟಾಗೆಲ್ಲ ಆಡುವವರು ಬೈಯುವುದು ಈ ದೇವರನ್ನೇ ಅಂತೆ.

ಆಮೇಲೆ ನಿಯಮಗಳು. ಉದ್ದಕ್ಕೆ 26 ಮನೆ, ಅಗಲಕ್ಕೆ 15, ಕಣದಲ್ಲಿ ಹನ್ನೊಂದು ಜನ, ಅರ್ಧಕ್ಕೆ ಎಂಟೆಂಟು ಸರದಿ... ಓದುತ್ತಾ ನನಗೆ ಆಕಳಿಕೆ ಬಂತು. ಓದುಗರಿಗೆ ಬೇಕಾದದ್ದು ಒಂದೇ ನಿಯಮ. ಗೊಂಬೆ ಎಡವಿ ಬಿದ್ದರೆ, ಚೆಂಡು ಕೈತಪ್ಪಿದರೆ, ನಿಮ್ಮ ಸರದಿ ಅಲ್ಲಿಗೇ ಮುಗಿಯಿತು. ಮಿಕ್ಕ ಗೊಂಬೆಗಳು ನಿಂತಲ್ಲೇ ನಿಲ್ಲಬೇಕು. ಇದನ್ನು ನೀವು ಚದುರಂಗಕ್ಕೆ ಹೋಲಿಸಿದ್ದೀರಿ. ಅದು ಸರಿಯಲ್ಲ. ಚೌಕಾಬಾರ ನೆನಪಿಸಿಕೊಳ್ಳಿ. ಅಲ್ಲಿ ಗರ ಬಿದ್ದರೆ ಇನ್ನೊಂದು ಸಲ ಕವಡೆ ಹಾಕಲು ಸಿಗುತ್ತದೆ. ಇಲ್ಲಿ ದಾಳ ತಿರುಗಿಬಿದ್ದರೆ ಇದ್ದ ಆಟವೂ ಹೋಗುತ್ತದೆ. ಅಜ್ಜಿಯ ಜೊತೆ ಕವಡೆ ಹಾಕಿ ಬೆಳೆದವರಿಗೆ ಇದು ತಕ್ಷಣ ಅರ್ಥವಾಗುತ್ತದೆ.

ಪದಗಳ ಬಗ್ಗೆಯೂ ಒಂದು ತಕರಾರು. ‘ಆಟಗಾರ’ ಎಂದು ಬರೆದಾಗ ಅದು ನಿಮ್ಮ ಮಗನೋ ಗೊಂಬೆಯೋ ತಿಳಿಯುವುದಿಲ್ಲ. ‘ಆಟಗಾರ ಸತ್ತ’ ಎಂದು ಓದಿ ಒಂದು ಕ್ಷಣ ಗಾಬರಿಯಾಯಿತು, ಮಾರಾಯರೇ. ಗೊಂಬೆಗೆ ಗೊಂಬೆ ಎಂದೇ ಹೇಳಿ. ‘ತಡೆಗಟ್ಟುವಿಕೆ’ ಬೇಡ, ಬ್ಲಾಕ್ ಎನ್ನಿ. ನಿಜವಾಗಿ ಅಲ್ಲಿ ನಡೆಯುವುದು ಗುದ್ದಾಟ, ಅಲ್ವಾ?

ಈಗ ಅಸಲಿ ಮಾತು. ಏಳನೇ ಪುಟದಲ್ಲಿ ಹೀಗಿದೆ: ‘ಕೊನೆಯ ಸರದಿಯಲ್ಲಿ ನಿಯಮದ ಪ್ರಕಾರ ಟ್ರೋಲ್ ಗಾಬ್ಲಿನ್ ಅನ್ನು ತಿಂದಿತು. ಮಗನಿಗೆ ಸ್ವಲ್ಪ ಬೇಸರವಾಯಿತು.’ ಎರಡೇ ಸಾಲು! ಅದರ ಹಿಂದೆಯೇ ಮೊಬೈಲ್ ಚಟದ ಬಗ್ಗೆ ಒಂದೂವರೆ ಪುಟ ಉಪದೇಶ.

ನಮ್ಮ ಕಚೇರಿಯಲ್ಲಿ ಈ ಆಟ ಆಡುವ ಹುಡುಗ ಒಬ್ಬನಿದ್ದಾನೆ. ಅವನನ್ನು ಕೂರಿಸಿಕೊಂಡು ಕೇಳಿದೆ. ಚೆಂಡು ಹಿಡಿದ ಪುಟ್ಟ ಗಾಬ್ಲಿನ್ ಅನ್ನು ಅದೇ ತಂಡದ ದೈತ್ಯ ಟ್ರೋಲ್ ಎತ್ತಿ, ಅಂಕ ಸಿಗುವ ಗೆರೆಯ ಕಡೆಗೆ ಎಸೆಯಬಹುದು. ಸೋಲುವ ಹೊತ್ತಿನ ಕೊನೆಯ ಆಸೆ ಅದು. ಆದರೆ ಟ್ರೋಲ್‌ಗೆ ಯಾವಾಗಲೂ ಹಸಿವು. ಎಸೆಯುವ ಮೊದಲು ದಾಳ ಹಾಕಬೇಕು. ಒಂದು ಬಿದ್ದರೆ ಇನ್ನೊಮ್ಮೆ ಹಾಕಬೇಕು. ಮತ್ತೆ ಒಂದೇ ಬಿದ್ದರೆ ಗಾಬ್ಲಿನ್ ಹೊಟ್ಟೆಗೆ. ಬೇರೆ ಏಟಿಗೆ ವೈದ್ಯ ಬರಬಹುದು, ಇದಕ್ಕೆ ಅವನೂ ಇಲ್ಲ. ನೀವು ಹನ್ನೆರಡರಲ್ಲಿ ಒಂದು ಸಲ ಎಂದು ಬರೆದಿದ್ದೀರಿ. ಅಲ್ಲ, ಮೂವತ್ತಾರರಲ್ಲಿ ಒಂದು ಸಲ. ತಿದ್ದಿಕೊಳ್ಳಿ. ಆ ಎರಡು ದಾಳಗಳ ನಡುವೆ ನಿಮ್ಮ ಮಗನ ಮುಖ ಹೇಗಿತ್ತು? ಅದನ್ನು ನೋಡಿದವರು ನೀವೊಬ್ಬರೇ.

ನಿಮ್ಮ ಪತ್ರಕ್ಕೆ ಬರುತ್ತೇನೆ. ಅಂದು ರಾತ್ರಿ ಅವನು ಊಟಕ್ಕೆ ಕೂತರೂ ಮಾತಾಡಲಿಲ್ಲ. ಬೆಳಿಗ್ಗೆ ನೋಡಿದರೆ ಅಡುಗೆಮನೆ ಕಿಟಕಿಯ ಕರಿಬೇವಿನ ಕುಂಡದಲ್ಲಿ ಆ ಗಾಬ್ಲಿನ್ ಗೊಂಬೆಯನ್ನು ಹೂತಿದ್ದ. ಟೀಮಿನ ಪಟ್ಟಿಯಲ್ಲಿ ಅದರ ಹೆಸರಿನ ಮುಂದೆ ಪೆನ್ಸಿಲ್‌ನಿಂದ ಗೀಟು. ಬೇರೆ ಟ್ರೋಲ್ ತರೋಣ ಎಂದರೆ ಒಪ್ಪಲಿಲ್ಲ, ‘ಪಾಪ, ಅದಕ್ಕೆ ಹಸಿವಾಗಿತ್ತು ಅಪ್ಪ’ ಎಂದ. ಇಷ್ಟನ್ನೂ ಲೇಖನದ ಹೊರಗಿಟ್ಟು, ‘ಮನೆಯ ಸಣ್ಣಪುಟ್ಟ ವಿಷಯ, ಕ್ಷಮಿಸಿ’ ಎಂದು ಬೇರೆ ಬರೆದಿದ್ದೀರಿ. ಏನು ಹೇಳಲಿ ನಿಮಗೆ!

ಕುಂಡದಿಂದ ಶುರು ಮಾಡಿ. ಗೊಂಬೆಗಳಿಗೆ ಬಣ್ಣ ಹಚ್ಚಿದ ಭಾನುವಾರಗಳು ಆಮೇಲೆ ಬರಲಿ. ತಾತನ ವಿಭೂತಿ ನೆನೆದು ಅವನು ಟ್ರೋಲ್ ಹಣೆಗೆ ಮೂರು ಬಿಳಿ ಗೆರೆ ಎಳೆದದ್ದನ್ನು ಮಾತ್ರ ಬಿಡಬೇಡಿ. ಎಷ್ಟು ಖರ್ಚಾಯಿತು ಎಂದೂ ಒಂದು ಸಾಲು ಹಾಕಿ, ಓದುಗರು ಹೇಗೂ ಕೇಳುತ್ತಾರೆ. ಇನ್ನೊಂದು ಮಾತು. ಬೇರೆ ದಿನದ ಆಟಗಳ ಬಗ್ಗೆ ‘ಬೇಕೆಂದೇ ಸೋತೆ’ ಎಂದು ಎರಡು ಕಡೆ ಬರೆದಿದ್ದೀರಿ. ನಾನಂತೂ ನಂಬಲಿಲ್ಲ. ಡ್ವಾರ್ಫ್ ಎಂಬ ಕುಳ್ಳರ ಗಟ್ಟಿ ತಂಡ ಇಟ್ಟುಕೊಂಡು ಹತ್ತು ವರ್ಷದ ಹುಡುಗನ ಗಾಬ್ಲಿನ್‌ಗಳ ಕೈಲಿ ಸೋತಿದ್ದರೆ ಸೋತೆ ಎಂದೇ ಬರೆಯಿರಿ.

ಒಂಬೈನೂರು ಪದ ಮೀರದಿರಲಿ, ಉಪದೇಶದ ಭಾಗ ಪೂರ್ತಿ ಹೋಗಲಿ. ತಿಂಗಳ ಕೊನೆಯೊಳಗೆ ಬಂದರೆ ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ. ಕುಂಡದ ಫೋಟೋ ಇದ್ದರೆ ಅದನ್ನೂ ಕಳಿಸಿ. ಮತ್ತೆ, ಆ ಗಾಬ್ಲಿನ್‌ಗೆ ಅವನು ಇಟ್ಟಿದ್ದ ಹೆಸರು ಲೇಖನದಲ್ಲೂ ಇಲ್ಲ, ಪತ್ರದಲ್ಲೂ ಇಲ್ಲ. ಅವನನ್ನೇ ಕೇಳಿ ಬರೆಯಿರಿ.