ಕಾಸರವಳ್ಳಿಯವರ ಚಿತ್ರಗಳು: ಯಾವುದು ಮೊದಲು?

ಪುಣೆಗೆ ಹೊಸದಾಗಿ ಬಂದಿರುವ ತಾವು, ಗಿರೀಶ ಕಾಸರವಳ್ಳಿಯವರ ಯಾವ ಚಿತ್ರವನ್ನು ಮೊದಲು ನೋಡಬೇಕು, ಅವುಗಳ ನಿಧಾನಗತಿ ಒಂದು ದೋಷವಲ್ಲವೇ ಎಂದು ಕೇಳಿದ್ದೀರಿ. ‘ಘಟಶ್ರಾದ್ಧ’ದಿಂದಲೇ ಆರಂಭಿಸಿ ಎಂದು ನನ್ನ ವಿನಂತಿ. ಇಲ್ಲಿಯ ಲಾ ಕಾಲೇಜು ರಸ್ತೆಯ ಫಿಲಂ ಇನ್‌ಸ್ಟಿಟ್ಯೂಟಿನಲ್ಲಿ ಕಲಿತು ಹೊರಬಂದ ಅವರು 1977ರಲ್ಲಿ ಮಾಡಿದ, ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿಯಾದ ಸ್ವರ್ಣಕಮಲವನ್ನು ಪಡೆದ ಮೊದಲ ಕಥಾಚಿತ್ರವದು. ಆ ರಸ್ತೆಯಲ್ಲಿ ಹಾದುಹೋಗುವಾಗಲೆಲ್ಲ ಇದನ್ನು ನೆನೆದು ಹೆಮ್ಮೆಪಡುತ್ತೇನೆ. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ ಈ ಚಿತ್ರ, ವಿಧವೆ ಯಮುನಕ್ಕನಿಗೆ ಒದಗುವ ಬಹಿಷ್ಕಾರವನ್ನು ವೇದಪಾಠಕ್ಕೆ ಬಂದ ಬಾಲಕ ನಾಣಿಯ ಕಣ್ಣಿನಿಂದ ಕಾಣಿಸುವುದರಿಂದ, ಏನಾಗುತ್ತಿದೆಯೆಂದು ತಿಳಿಯಲು ಆ ಮಗುವಿಗೆ ಹಿಡಿಯುವಷ್ಟೇ ಹೊತ್ತು ನಮಗೂ ಹಿಡಿಯುತ್ತದೆ. ಹಾಗಾಗಿ ನಿಧಾನವನ್ನು ನಾನು ದೋಷವೆನ್ನಲಾರೆ. ಆಮೇಲೆ ‘ತಬರನ ಕಥೆ’ ನೋಡಿ. ಪಿಂಚಣಿಗಾಗಿ ಕಚೇರಿಗಳನ್ನು ಅಲೆಯುವ ತಬರನ ದಣಿವು, ಆ ಲಯವಿಲ್ಲದಿದ್ದರೆ, ನಮ್ಮನ್ನು ಇಷ್ಟು ಆಳವಾಗಿ ತಟ್ಟುತ್ತಿರಲಿಲ್ಲ.