ಗ್ಯಾಂಡಾಲ್ಫ್, ಡಂಬಲ್‌ಡೋರ್, ಗೆಡ್: ಅಖಾಡಕ್ಕೆ ಇಳಿದರೆ ಗೆಲ್ಲೋದು ಯಾರು?

ನಿಮ್ಮ ಪ್ರಶ್ನೆ ಇದು: ಲಾರ್ಡ್ ಆಫ್ ದ ರಿಂಗ್ಸ್‌ನ ಗ್ಯಾಂಡಾಲ್ಫ್, ಹ್ಯಾರಿ ಪಾಟರ್‌ನ ಡಂಬಲ್‌ಡೋರ್ ಮತ್ತು ಖಳ ವೋಲ್ಡೆಮಾರ್ಟ್, ಆರ್ಥರ್ ರಾಜನ ಕಥೆಗಳ ಮರ್ಲಿನ್, ಅರ್ಥ್‌ಸೀಯ ಗೆಡ್, ಈ ಮಾಂತ್ರಿಕರೆಲ್ಲ ಒಂದೇ ಅಖಾಡಕ್ಕೆ ಇಳಿದರೆ ಕೊನೆಗೆ ಉಳಿಯುವವರು ಯಾರು? ಯಾರ ಶಕ್ತಿ ದೊಡ್ಡದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಗೆಡ್‌ಗೆ. ಆದರೆ ಇಲ್ಲಿಗೆ ಬಂದು ಮುಟ್ಟಲು ನನಗೆ ವರ್ಷಗಳೇ ಹಿಡಿದವು. ಒಂದು ಕಾಲದಲ್ಲಿ ನಾನು ಡಂಬಲ್‌ಡೋರ್ ಪಕ್ಷ. ಗ್ಯಾಂಡಾಲ್ಫ್ ಅಂದರೆ ಅಷ್ಟಕ್ಕಷ್ಟೇ.

ಯಾಕೆಂದರೆ ನಾನು ಮೊದಲು ಓದಿದ್ದು ಹ್ಯಾರಿ ಪಾಟರ್. ಅಲ್ಲಿ ಹೆಜ್ಜೆಗೊಂದು ಮಂತ್ರ. ಕೋಲು ಬೀಸಿದರೆ ಗರಿ ತೇಲುತ್ತದೆ, ಬೀಗ ತೆರೆದುಕೊಳ್ಳುತ್ತದೆ. ಅದೇ ಗುಂಗಿನಲ್ಲಿ ಲಾರ್ಡ್ ಆಫ್ ದ ರಿಂಗ್ಸ್ ಹಿಡಿದೆ. ಬೆಟ್ಟದೊಳಗಿನ ಮೋರಿಯಾದ ಬಾಗಿಲ ಹತ್ತಿರ ಬರುವಷ್ಟರಲ್ಲಿ ಸಿಟ್ಟೇ ಬಂದಿತ್ತು. ಬಾಗಿಲು ಮುಚ್ಚಿದೆ. ಇಂಥ ಬಾಗಿಲು ತೆರೆಯಲು ಎಲ್ಫ್‌ಗಳ, ಮನುಷ್ಯರ, ಆರ್ಕ್‌ಗಳ ಭಾಷೆಯಲ್ಲಿದ್ದ ಎಲ್ಲ ಮಂತ್ರಗಳೂ ಒಂದು ಕಾಲದಲ್ಲಿ ತನಗೆ ಗೊತ್ತಿದ್ದವು, ಈಗಲೂ 200 ಮಂತ್ರ ತಡಕಾಡದೆ ನೆನಪಿಗೆ ಬರುತ್ತವೆ ಅನ್ನುತ್ತಾನೆ ಗ್ಯಾಂಡಾಲ್ಫ್. ಒಂದಾದ ಮೇಲೊಂದು ಹೇಳಿ ನೋಡುತ್ತಾನೆ. ಬಾಗಿಲು ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಕೊನೆಗೆ ಬೇಕಾಗಿದ್ದು 'ಗೆಳೆಯ' ಅನ್ನುವ ಒಂದೇ ಒಂದು ಎಲ್ಫ್ ಪದ. ಅದೂ ಬಾಗಿಲ ಮೇಲೇ ಬರೆದಿತ್ತು!

ಅದಕ್ಕೂ ಮೊದಲು ಹಿಮ ಸುರಿಯುವ ಬೆಟ್ಟದಲ್ಲಿ ಎಲ್ಲರೂ ಚಳಿಗೆ ಸಾಯುವ ಸ್ಥಿತಿ. ಆಗ ಒದ್ದೆ ಸೌದೆಗೆ ಬೆಂಕಿ ಹಚ್ಚಿದ, ನಿಜ. ಆದರೆ ಅಷ್ಟಕ್ಕೇ 'ನಾನು ಇಲ್ಲಿದ್ದೇನೆ ಅಂತ ಊರಿಗೆಲ್ಲ ಗೊತ್ತಾಯಿತು' ಅನ್ನುವ ಧಾಟಿಯಲ್ಲಿ ಗೊಣಗುತ್ತಾನೆ. ಇವನೆಂಥ ಮಾಂತ್ರಿಕ ಅಂದುಕೊಂಡಿದ್ದೆ.

ಎರಡನೇ ಸಲ ಓದುವಾಗ ಹಿಂದಿರುವ ಅನುಬಂಧಗಳನ್ನೂ, ಲೇಖಕ ಟೋಲ್ಕಿನ್ ಅವರ ಬೇರೆ ಬರಹಗಳನ್ನೂ ಬಿಡದೆ ಓದಿದೆ. ಆಗ ಚಿತ್ರವೇ ಬದಲಾಯಿತು. ಗ್ಯಾಂಡಾಲ್ಫ್ ಮನುಷ್ಯನೇ ಅಲ್ಲ. ಮಾಯಾರ್ ಅನ್ನುವ ಚೇತನಗಳಲ್ಲಿ ಒಬ್ಬ. ಕಥೆಯ ದೊಡ್ಡ ಖಳ ಸೌರಾನ್, ಇನ್ನೊಬ್ಬ ಮಾಂತ್ರಿಕ ಸಾರುಮಾನ್, ಮೋರಿಯಾದ ಬೆಂಕಿಯ ರಾಕ್ಷಸ ಬಾಲ್ರಾಗ್ ಎಲ್ಲರೂ ಮೂಲದಲ್ಲಿ ಅದೇ ಗುಂಪಿನವರು. ಸೌರಾನನ ವಿರುದ್ಧ ಜನರನ್ನು ಎಬ್ಬಿಸಲು ಐವರು ಮಾಂತ್ರಿಕರನ್ನು ಮುದುಕರ ವೇಷದಲ್ಲಿ ಕಳಿಸುತ್ತಾರೆ. ಜೊತೆಗೆ ಒಂದು ಷರತ್ತು: ಸೌರಾನನ ಶಕ್ತಿಗೆ ಎದುರಾಗಿ ತಮ್ಮ ಶಕ್ತಿ ಹೂಡುವಂತಿಲ್ಲ. ಎಲ್ಫ್‌ಗಳನ್ನಾಗಲಿ ಮನುಷ್ಯರನ್ನಾಗಲಿ ಬಲ ತೋರಿಸಿ, ಹೆದರಿಸಿ ಆಳುವಂತಿಲ್ಲ. ಅಂದರೆ ಜಟ್ಟಿಯ ಕೈ ಕಟ್ಟಿ ಕಣಕ್ಕೆ ಇಳಿಸಿದ ಹಾಗೆ. ಸಾರುಮಾನ್ ಆ ಷರತ್ತು ಮುರಿದ, ಕೆಟ್ಟ. ಹಾಬಿಟ್ ಅನ್ನುವ ಕುಳ್ಳ ಜನರ ಫ್ರೋಡೋ ತಾನಾಗಿಯೇ ಸೌರಾನನ ಶಕ್ತಿಯ ಉಂಗುರ ಕೊಡಲು ಬಂದಾಗ ಗ್ಯಾಂಡಾಲ್ಫ್ ಬೆಚ್ಚಿ ಹಿಂದೆ ಸರಿಯುತ್ತಾನಲ್ಲ, ಅದು ಯಾಕೆ ಅಂತ ಆಗ ಅರ್ಥವಾಯಿತು.

ಅವನ ಪೂರ್ತಿ ಬಲ ಕಾಣೋದು ಒಂದೇ ಕಡೆ, ಬಾಲ್ರಾಗ್ ಜೊತೆ. ಅದೂ ಮಾಯಾರ್ ಗುಂಪಿನದೇ, ಹಾಗಾಗಿ ಕೈ ಬಿಚ್ಚಿ ಹೊಡೆಯಬಹುದಿತ್ತು ಅನ್ನೋದು ನನ್ನ ಊಹೆ. ಸೇತುವೆಯ ಮೇಲೆ ಶುರುವಾದ ಜಗಳ ಬೆಟ್ಟದ ತುದಿಯಲ್ಲಿ ಮುಗಿಯುವಾಗ ಹತ್ತು ದಿನ ಆಗಿರುತ್ತದೆ. ಇಬ್ಬರೂ ಸಾಯುತ್ತಾರೆ. ಗ್ಯಾಂಡಾಲ್ಫ್‌ನನ್ನು ವಾಪಸ್ ಕಳಿಸಲಾಗುತ್ತದೆ, ಮೊದಲಿಗಿಂತ ಬಲವಾಗಿ. ಅಲ್ಲಿಗೆ ವೋಲ್ಡೆಮಾರ್ಟ್‌ನ ಲೆಕ್ಕ ಮುಗಿಯಿತು ಅನ್ನಿ. ಅವನ ದೊಡ್ಡ ಆಯುಧ ಕೊಲ್ಲುವ ಶಾಪ. ಸತ್ತ ಮೇಲೂ ತಿರುಗಿ ಬರುವವನ ಮುಂದೆ ಅದನ್ನಿಟ್ಟುಕೊಂಡು ಏನು ಮಾಡುತ್ತೀರಿ?

ಡಂಬಲ್‌ಡೋರ್ ಮೇಷ್ಟ್ರ ಕಥೆ ಬೇರೆ. (ಮೇಷ್ಟ್ರು ಅಂದಮೇಲೆ ಏಕವಚನ ಬಾಯಿಗೆ ಬರಲ್ಲ, ಗ್ಯಾಂಡಾಲ್ಫ್ ಅಭಿಮಾನಿಗಳು ಕ್ಷಮಿಸಿ.) ಕೈಚಳಕದಲ್ಲಿ ಅವರನ್ನು ಮೀರಿಸುವವರು ಈ ಪಟ್ಟಿಯಲ್ಲಿ ಇಲ್ಲ. ಐದನೇ ಪುಸ್ತಕದಲ್ಲಿ ಮಾಂತ್ರಿಕರ ಸಚಿವಾಲಯದಲ್ಲಿ ವೋಲ್ಡೆಮಾರ್ಟ್ ಜೊತೆ ಕಾದುವುದನ್ನು ನೆನಪಿಸಿಕೊಳ್ಳಿ. ಕಾರಂಜಿಯ ಬಂಗಾರದ ಪ್ರತಿಮೆಗಳು ಎದ್ದು ಬರುತ್ತವೆ. ಒಂದು ಶಾಪವನ್ನು ಫೀನಿಕ್ಸ್ ಹಕ್ಕಿ ನುಂಗುತ್ತದೆ. ಕಾರಂಜಿಯ ನೀರೆಲ್ಲ ಎದ್ದು ವೋಲ್ಡೆಮಾರ್ಟ್‌ನನ್ನು ಸುತ್ತಿಕೊಳ್ಳುತ್ತದೆ. ಇಷ್ಟೆಲ್ಲ ಮಾಡುವಾಗಲೂ ಮೇಷ್ಟ್ರು ಪಾಠ ಮಾಡುವವರ ಹಾಗೆ ಶಾಂತ. ಎದುರಾಳಿಯನ್ನು 'ಟಾಮ್' ಅಂತ ಹಳೇ ಹೆಸರಿನಿಂದ ಕರೆಯುತ್ತಾರೆ, ಅದೇ ಅರ್ಧ ಹೊಡೆತ.

ಆದರೆ ಅವರ ಕೈಲಿದ್ದ ಎಲ್ಡರ್ ದಂಡದ ಬಗ್ಗೆ ಜನ ಜಾಸ್ತಿ ಮಾತಾಡುತ್ತಾರೆ. ಅದನ್ನು ಹಿಡಿದವರಿಗೆ ಸೋಲೇ ಇಲ್ಲವಂತೆ. ಹಾಗಿದ್ದರೆ 1945ರಲ್ಲಿ ಅದನ್ನು ಹಿಡಿದಿದ್ದ ದುಷ್ಟ ಮಾಂತ್ರಿಕ ಗ್ರಿಂಡೆಲ್ವಾಲ್ಡ್ ಇವರ ಕೈಲಿ ಸೋತದ್ದು ಹೇಗೆ? ಆಮೇಲೆ ಗೋಪುರದ ಮೇಲೆ ಡ್ರಾಕೋ ಅನ್ನುವ ಶಾಲೆ ಹುಡುಗ ಒಂದೇ ಮಂತ್ರದಲ್ಲಿ ಅದನ್ನು ಇವರ ಕೈಯಿಂದ ಹಾರಿಸುತ್ತಾನೆ. ಮೇಷ್ಟ್ರು ಆಗ ವಿಷದಂಥ ಮದ್ದು ಕುಡಿದು ಸುಸ್ತಾಗಿದ್ದರು, ಇದ್ದ ಒಂದು ಕ್ಷಣವನ್ನೂ ಹ್ಯಾರಿಯನ್ನು ಕಾಪಾಡಲು ಬಳಸಿದರು, ಒಪ್ಪುತ್ತೇನೆ. ಆದರೂ ದಂಡ ಹೋಯಿತಲ್ಲ. ಆ ಲೋಕದಲ್ಲಿ ಮಂತ್ರದಂಡ ಕೈಬಿಟ್ಟರೆ ಮುಕ್ಕಾಲು ಶಕ್ತಿ ಹೋದ ಹಾಗೆ.

ಮರ್ಲಿನ್ ಬಗ್ಗೆ ಜಾಸ್ತಿ ಹೇಳಲ್ಲ. ಅವನು ಒಬ್ಬ ಲೇಖಕನ ಪಾತ್ರವಲ್ಲ, ಶತಮಾನಗಳಿಂದ ಒಬ್ಬೊಬ್ಬರು ಒಂದೊಂದು ಥರ ಹೇಳಿದ್ದಾರೆ. 12ನೇ ಶತಮಾನದ ಕಥೆಯಲ್ಲಿ ಐರ್ಲೆಂಡಿನಿಂದ ದೈತ್ಯ ಕಲ್ಲುಗಳನ್ನು ತಂದು ಸ್ಟೋನ್‌ಹೆಂಜ್ ನಿಲ್ಲಿಸುತ್ತಾನೆ. ಮುಂದಿನ ಕಥೆಗಳಲ್ಲಿ ತಾನೇ ವಿದ್ಯೆ ಕಲಿಸಿದ ಹೆಣ್ಣಿನಿಂದ ಬಂಧಿಯಾಗುತ್ತಾನೆ. ಅದೂ ಹಾಗಾಗುತ್ತದೆ ಅಂತ ಮೊದಲೇ ಗೊತ್ತಿದ್ದು! ಅಖಾಡಕ್ಕೆ ಇಂಥವನನ್ನು ನಾನು ನಂಬಲ್ಲ.

ಈಗ ಗೆಡ್. ಉರ್ಸುಲಾ ಲೆ ಗ್ವಿನ್ ಅವರ ಅರ್ಥ್‌ಸೀ ಕಾದಂಬರಿಗಳ ನಾಯಕ. ಮೊದಲ ಪುಸ್ತಕ 1968ರದು, ಅಂದರೆ ಹ್ಯಾರಿಯ ಶಾಲೆ ಹಾಗ್ವರ್ಟ್ಸ್‌ಗಿಂತ 29 ವರ್ಷ ಮೊದಲೇ ಅಲ್ಲೊಂದು ಮಾಂತ್ರಿಕರ ಶಾಲೆ ಇತ್ತು. ಅಲ್ಲಿ ಮಂತ್ರ ಅಂದರೆ ಹೆಸರು. ಪ್ರತಿ ಕಲ್ಲಿಗೂ ಪ್ರತಿ ಅಲೆಗೂ ಜಗತ್ತನ್ನು ಸೃಷ್ಟಿಸಿದ ಹಳೇ ಭಾಷೆಯಲ್ಲಿ ಒಂದು ನಿಜವಾದ ಹೆಸರಿದೆ. ಅದು ಗೊತ್ತಿದ್ದರೆ ವಸ್ತು ನಿಮ್ಮ ಮಾತು ಕೇಳುತ್ತದೆ. ಅದಕ್ಕೇ ಅಲ್ಲಿನ ಜನ ತಮ್ಮ ನಿಜ ಹೆಸರನ್ನು ಬಚ್ಚಿಡುತ್ತಾರೆ.

ಹಾಗ್ವರ್ಟ್ಸ್‌ನಲ್ಲಿ ಮೆಕ್‌ಗೊನಗಲ್ ಮೊದಲ ತರಗತಿಯಲ್ಲೇ ಮೇಜನ್ನು ಹಂದಿ ಮಾಡಿ, ಮತ್ತೆ ಮೇಜು ಮಾಡಿ ತೋರಿಸುತ್ತಾರೆ. ಗೆಡ್ ಕಲಿತ ಶಾಲೆಯಲ್ಲಿ ಹಾಗಿಲ್ಲ. ಕಲ್ಲನ್ನು ವಜ್ರದಂತೆ ತೋರಿಸುವುದು ಸುಲಭ, ಕಣ್ಕಟ್ಟು ಅಷ್ಟೇ. ನಿಜಕ್ಕೂ ವಜ್ರ ಮಾಡಬೇಕಾದರೆ ಅದರ ನಿಜವಾದ ಹೆಸರನ್ನೇ ಬದಲಾಯಿಸಬೇಕು, ಹಾಗೆ ಮಾಡಿದರೆ ಜಗತ್ತೇ ಅಷ್ಟರಮಟ್ಟಿಗೆ ಬದಲಾಗುತ್ತದೆ ಅಂತ ಗುರು ಎಚ್ಚರಿಸುತ್ತಾನೆ. ಗೆಡ್ ಕೇಳಲಿಲ್ಲ. ಸಹಪಾಠಿಯ ಮುಂದೆ ಜಂಬ ಕೊಚ್ಚಲು ಸತ್ತವಳ ಆತ್ಮವನ್ನು ಕರೆದ. ಅದರ ಜೊತೆ ಒಂದು ನೆರಳು ಒಳಗೆ ನುಗ್ಗಿತು. ಆ ಬಿರುಕು ಮುಚ್ಚಲು ಶಾಲೆಯ ಮುಖ್ಯ ಮಾಂತ್ರಿಕನೇ ಪ್ರಾಣ ಕೊಡಬೇಕಾಯಿತು.

ಅದೇ ಹುಡುಗ ಮುಂದೆ ಪೆಂಡೋರ್ ದ್ವೀಪದಲ್ಲಿ ಮುದಿ ಡ್ರ್ಯಾಗನ್ ಒಂದನ್ನು ಎದುರಿಸಿ ನಿಲ್ಲುತ್ತಾನೆ. ಹಳೇ ಚರಿತ್ರೆಗಳನ್ನು ಓದಿ ಅದರ ಹೆಸರು ಹೀಗಿರಬಹುದು ಅಂತ ಊಹಿಸಿರುತ್ತಾನೆ. 'ಯೆವಾಡ್' ಅನ್ನುತ್ತಾನೆ. ಡ್ರ್ಯಾಗನ್ ಅಲ್ಲೇ ಕಟ್ಟುಬೀಳುತ್ತದೆ. ನನಗೆ ಇದರ ಮುಂದೆ ಯಾವ ಮಿಂಚು, ಬೆಂಕಿಯುಂಡೆಯೂ ಸಪ್ಪೆ.

ಹಾಗಾದರೆ ಡಂಬಲ್‌ಡೋರ್ ಎದುರು? ಮೂರು ಎಣಿಸಿ ಶುರು ಅಂದರೆ ಮೇಷ್ಟ್ರೇ ಗೆಲ್ಲುತ್ತಾರೆ. ಗೆಡ್‌ಗೆ ಹೆಸರು ಹುಡುಕಲು ಸಮಯ ಬೇಕು. 'ಆಲ್ಬಸ್ ಪರ್ಸಿವಲ್ ವುಲ್ಫ್ರಿಕ್ ಬ್ರಯನ್ ಡಂಬಲ್‌ಡೋರ್' ಅಂತ ಅಷ್ಟುದ್ದದ ಹೆಸರಿದ್ದರೂ ಹಳೇ ಭಾಷೆಯಲ್ಲಿ ಅದಕ್ಕೆ ಬೆಲೆ ಇಲ್ಲ. ಗ್ಯಾಂಡಾಲ್ಫ್ ಮಾತ್ರ ಸ್ವಲ್ಪ ಅಪಾಯದಲ್ಲಿದ್ದಾನೆ. 'ಓಲೋರಿನ್' ಅನ್ನುವ ತನ್ನ ಹಳೇ ಹೆಸರನ್ನು ಫರಾಮಿರ್‌ಗೆ ತಾನೇ ಹೇಳಿಬಿಟ್ಟಿದ್ದಾನೆ!

ಇಷ್ಟಾದರೂ ಗೆಡ್‌ಗೇ ಮತ ಯಾಕೆ ಅಂದರೆ, ಇವರ ಶತ್ರುಗಳನ್ನು ಕೊನೆಗೆ ಮುಗಿಸಿದ್ದು ಯಾರು ನೋಡಿ. ಸೌರಾನ್ ಬಿದ್ದದ್ದು ಹಾಬಿಟ್‌ಗಳಿಂದ ಮತ್ತು ಉಂಗುರದ ಹುಚ್ಚು ಹಿಡಿದ ಗೋಲಮ್‌ನಿಂದ. ವೋಲ್ಡೆಮಾರ್ಟ್ ಬಿದ್ದದ್ದು ಹ್ಯಾರಿಯ ಎದುರು. ಗೆಡ್‌ಗೆ 1972ರ ಮೂರನೇ ಪುಸ್ತಕದಲ್ಲಿ ಎದುರಾಗುವ ಕಾಬ್ ಕೂಡ ಒಂಥರಾ ವೋಲ್ಡೆಮಾರ್ಟೇ, ಸಾವಿಗೆ ಹೆದರಿದವನು. ಅವನು ಸತ್ತವರ ಲೋಕದ ಬಾಗಿಲು ತೆರೆದಿಟ್ಟಿರುತ್ತಾನೆ. ಅದರಿಂದ ಲೋಕದ ಮಂತ್ರವೆಲ್ಲ ಸೋರಿಹೋಗುತ್ತಿರುತ್ತದೆ, ಮಾಂತ್ರಿಕರಿಗೆ ಪದಗಳೇ ಮರೆಯುತ್ತಿರುತ್ತವೆ. ಅರೆನ್ ಅನ್ನುವ ಹುಡುಗ ಜೊತೆಗಿರುತ್ತಾನೆ, ನಿಜ. ಆದರೆ ಬಾಗಿಲು ಮುಚ್ಚುವುದು ಗೆಡ್. ಅದಕ್ಕೆ ತನ್ನ ಶಕ್ತಿಯನ್ನೆಲ್ಲ ಸುರಿಯುತ್ತಾನೆ, ಒಂದು ತೊಟ್ಟೂ ಉಳಿಯುವುದಿಲ್ಲ. ಕಥೆ ಶುರುವಾದಾಗ ಅವನು ಆಡು ಕಾಯುವ ಹುಡುಗ, ಬಾಯಿಗೆ ಬಂದ ಮೊದಲ ಮಂತ್ರವೂ ಆಡು ಕರೆಯುವುದೇ. ನಾಲ್ಕನೇ ಪುಸ್ತಕದಲ್ಲಿ ಮತ್ತೆ ಬೆಟ್ಟ ಹತ್ತಿ ಆಡು ಕಾಯುತ್ತಾನೆ, ಮಂತ್ರ ಇಲ್ಲದೆ.

ಡಿಸ್ಕ್‌ವರ್ಲ್ಡ್ ಅನ್ನುವ ಹಾಸ್ಯ ಕಾದಂಬರಿಗಳ ಮಾಂತ್ರಿಕ ರಿನ್ಸ್‌ವಿಂಡ್‌ನನ್ನು ಯಾಕೆ ಬಿಟ್ಟಿರಿ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಅವನ ತಲೆಯಲ್ಲಿದ್ದದ್ದು ಒಂದೇ ಮಂತ್ರ, ಅದನ್ನೂ ಹೇಳಲು ಹೆದರುತ್ತಿದ್ದ. ಗಂಟೆ ಹೊಡೆಯುವ ಮೊದಲೇ ಅಖಾಡದ ಗೋಡೆ ಹಾರಿ ಓಡಿರುತ್ತಾನೆ. ನೀವು ಕೇಳಿದ್ದು ಕೊನೆಗೆ ಉಳಿಯುವವರು ಯಾರು ಅಂತ ಅಲ್ವಾ? ಹಾಗೆ ನೋಡಿದರೆ ಅವನೇ.