ಐಸ್ ಮೆಷಿನ್ ಕಿರುಚಿದರೆ ಗ್ಯಾಸ್ ಹಾಕಿಸಬೇಡಿ, ನೀರು ನೋಡಿ

ಬಿಸಿಲು ಏರುತ್ತಿದ್ದ ಹಾಗೆ ಐಸ್ ಮತ್ತು ತಣ್ಣೀರು ಎರಡನ್ನೂ ಕೊಡುವ ಡಿಸ್ಪೆನ್ಸರ್‌ಗಳ ಬಗ್ಗೆ ಪ್ರಶ್ನೆಗಳೂ ಏರುತ್ತವೆ. ಈ ಸಲ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದವನ್ನೇ ಆರಿಸಿಕೊಂಡಿದ್ದೇನೆ. ಕಾರಣ ಇದೆ. ಅರಸೀಕೆರೆ, ಕಡೂರು ಕಡೆ ಬೋರ್‌ವೆಲ್ಲಿನ ಗಡಸು ನೀರು. ಸಕಲೇಶಪುರ, ಮೂಡಿಗೆರೆ ಕಡೆ ಮೆದು ನೀರು, ಆದರೆ ಮಳೆಗಾಲದಲ್ಲಿ ಮಣ್ಣು. ಒಂದೇ ಮಾಡೆಲ್ಲಿನ ಮೆಷಿನ್ ಈ ಎರಡು ಕಡೆ ಬೇರೆ ಬೇರೆ ರೀತಿ ಕೆಡುತ್ತದೆ.

ಪ್ರಶ್ನೆ: ಅರಸೀಕೆರೆಯಲ್ಲಿ ನಮ್ಮ ಹೋಟೆಲ್ ಇದೆ. ಅಗಿಯಬಹುದಾದ ಮೆದು ಐಸ್ ಕೊಡುವ ಡಿಸ್ಪೆನ್ಸರ್ ಇಟ್ಟು ಎರಡು ವರ್ಷ ಆಯಿತು. ಈಗ ಐಸ್ ಅರ್ಧಕ್ಕರ್ಧ ಕಡಿಮೆ ಬರುತ್ತಿದೆ, ಒಳಗಿಂದ ಕಿರ್ರ್ ಎಂಬ ಶಬ್ದ ಬೇರೆ. ಮೆಕ್ಯಾನಿಕ್ ಗ್ಯಾಸ್ ಕಡಿಮೆ ಅಂದರು. ಹಾಕಿಸಿದೆವು, ಏನೂ ಬದಲಾಗಲಿಲ್ಲ. ಮತ್ತೆ ಹಾಕಿಸಬೇಕೇ?

ಬೇಡ. ಮೆಷಿನ್ ಒಳಗೆ ತಂಪು ಮಾಡುವ ಈ ಗ್ಯಾಸ್ ಪೆಟ್ರೋಲ್ ಹಾಗೆ ಓಡಿದಷ್ಟೂ ಖರ್ಚಾಗುವ ವಸ್ತು ಅಲ್ಲ. ಮುಚ್ಚಿದ ಕೊಳವೆಯಲ್ಲಿ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಸೋರುವ ಜಾಗ ಹುಡುಕಿ ಬೆಸುಗೆ ಹಾಕದೆ, ತೂಕ ಮಾಡದೆ, ಸುಮ್ನೆ ಅಂದಾಜಿಗೆ ತುಂಬಿದರೆ ಹಣವೂ ಹೋಗುತ್ತದೆ, ಕಂಪ್ರೆಸರ್ ಮೇಲಿನ ಒತ್ತಡವೂ ಏರುತ್ತದೆ. ಮೆಷಿನ್ ಹಿಂದಿನ ಲೇಬಲ್‌ನಲ್ಲಿ ಯಾವ ಗ್ಯಾಸ್, ಎಷ್ಟು ಗ್ರಾಂ ಎಂದು ಬರೆದಿರುತ್ತದೆ. ಅದನ್ನು ಓದದೆ ಸಿಲಿಂಡರ್ ತೆರೆಯುವವರನ್ನು ಅಲ್ಲೇ ನಿಲ್ಲಿಸಿ. ಲೇಬಲ್‌ನಲ್ಲಿ ಆರ್ 290 ಎಂದಿದ್ದರಂತೂ ಅದು ಪ್ರೊಪೇನ್, ಬೆಂಕಿ ಹಿಡಿಯುವ ಗ್ಯಾಸ್. ಅದನ್ನು ಕಲಿತವರೇ ಮುಟ್ಟಬೇಕು.

ನಿಮ್ಮ ತೊಂದರೆ ನನ್ನ ಪ್ರಕಾರ ನೀರಿನದು. ಈ ಬಗೆಯ ಮೆಷಿನ್‌ನಲ್ಲಿ ನಿಂತ ಒಂದು ಉಕ್ಕಿನ ಕೊಳವೆ ಇರುತ್ತದೆ. ಅದರ ಗೋಡೆ ಹೊರಗಿನಿಂದ ತಣ್ಣಗಾಗಿ, ಒಳಗಿನ ನೀರು ಗೋಡೆಗೆ ಹೆಪ್ಪುಗಟ್ಟುತ್ತದೆ. ನಡುವೆ ತಿರುಗುವ ಸ್ಕ್ರೂ ಆ ಐಸನ್ನು ಕೆರೆದು ಮೇಲಕ್ಕೆ ತಳ್ಳುತ್ತದೆ. ಮೇಲಿನ ಸಣ್ಣ ಕಿಂಡಿಗಳಲ್ಲಿ ಅದು ಒತ್ತಿ, ತುಂಡಾಗಿ ಹೊರಬರುತ್ತದೆ. ಈ ಸ್ಕ್ರೂಗೆ ಆಗರ್ ಎನ್ನುತ್ತಾರೆ. ಕೆಳಗೆ ಅದನ್ನು ತಿರುಗಿಸುವ ಗೇರ್ ಮೋಟರ್ ಇದೆ.

ನೀರು ಐಸ್ ಆಗುವಾಗ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚಾಗಿ ಹಿಂದೆ ಉಳಿಯುತ್ತವೆ. ಉಳಿದ ನೀರಿನಲ್ಲಿ ಅವುಗಳ ಅಂಶ ಏರುತ್ತಾ ಹೋಗಿ ಕೊನೆಗೆ ಗೋಡೆಗೆ ಬಿಳಿ ಕಲ್ಲಾಗಿ ಅಂಟುತ್ತವೆ. ಗಟ್ಟಿ ಕ್ಯೂಬ್ ಮಾಡುವ ಮೆಷಿನ್‌ನಲ್ಲಿ ಪ್ರತಿ ಸುತ್ತಿನಲ್ಲೂ ಸ್ವಲ್ಪ ನೀರು ಹೊರಗೆ ಹೋಗಿ ಈ ಲವಣ ತೊಳೆಯುತ್ತದೆ. ನಿಮ್ಮ ಬಗೆಯ ಮೆಷಿನ್ ಒಳಗೆ ಬಂದ ನೀರನ್ನೆಲ್ಲ ಹೆಚ್ಚುಕಡಿಮೆ ಐಸ್ ಮಾಡಿಬಿಡುತ್ತದೆ. ನೀರು ಪೋಲಾಗುವುದಿಲ್ಲ, ಸರಿ. ಆದರೆ ಕಲ್ಲು ಬೇಗ ಕಟ್ಟುತ್ತದೆ. ಗೋಡೆ ಒರಟಾದಾಗ ಐಸ್ ಜಾರುವುದಿಲ್ಲ, ಆಗರ್ ಎಳೆದಾಡುತ್ತದೆ. ಆ ಕಿರ್ರ್ ಶಬ್ದ ಅದೇ. ಇದನ್ನು ತಿಂಗಳುಗಟ್ಟಲೆ ಬಿಟ್ಟರೆ ಬೇರಿಂಗ್ ಸವೆದು ಗೇರ್ ಮೋಟರ್ ಹೋಗುತ್ತದೆ. ಈ ಮೆಷಿನ್‌ನ ದುಬಾರಿ ಭಾಗಗಳಲ್ಲಿ ಅದೂ ಒಂದು.

ಮೊದಲು ನೀರಿನ ಗಡಸುತನ ಅಳೆಸಿ. ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರ್ ಸಾಲದು, ಅದು ಕರಗಿದ ಎಲ್ಲ ಲವಣಗಳನ್ನೂ ಒಟ್ಟಿಗೆ ತೋರಿಸುತ್ತದೆ. ಹನಿ ಹಾಕಿ ಬಣ್ಣ ನೋಡುವ ಹಾರ್ಡ್‌ನೆಸ್ ಕಿಟ್ ಬೇಕು, ಅಗ್ಗಕ್ಕೇ ಸಿಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂವರೆಗೆ ಒಪ್ಪಿತ. ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಬಿಡಬಹುದು. ಆದರೆ ಅದು ಮನುಷ್ಯರ ಲೆಕ್ಕ. 400ರ ನೀರು ಕುಡಿದು ನಾವು ಆರಾಮಾಗಿ ಇರಬಹುದು, ಐಸ್ ಮೆಷಿನ್ ಇರುವುದಿಲ್ಲ.

ಈಗ ಮಾಡಬೇಕಾದ್ದು ಡಿಸ್ಕೇಲಿಂಗ್, ಅಂದರೆ ಕಟ್ಟಿದ ಕಲ್ಲನ್ನು ಕರಗಿಸಿ ತೆಗೆಯುವುದು. ಐಸ್ ತಯಾರಿ ನಿಲ್ಲಿಸಿ, ಹಾಪರ್‌ನಲ್ಲಿ, ಅಂದರೆ ತಯಾರಾದ ಐಸ್ ಕೂಡುವ ಡಬ್ಬದಲ್ಲಿ, ಇರುವ ಐಸನ್ನೆಲ್ಲ ಎಸೆಯಿರಿ. ನೀರು ಖಾಲಿ ಮಾಡಿ, ಐಸ್ ಮೆಷಿನ್‌ಗೆಂದೇ ಮಾಡಿದ ಡಿಸ್ಕೇಲರನ್ನು ಮೆಷಿನ್ ಜೊತೆ ಬಂದ ಪುಸ್ತಕದಲ್ಲಿ ಹೇಳಿದ ಅಳತೆಯಲ್ಲಿ ಬೆರೆಸಿ ಓಡಿಸಿ. ಇವು ಸಾಮಾನ್ಯವಾಗಿ ಸಿಟ್ರಿಕ್ ಅಥವಾ ಫಾಸ್ಫಾರಿಕ್ ಆಮ್ಲದವು. ನಿಕಲ್ ಲೇಪ ಇರುವ ಮೆಷಿನ್ ಆದರೆ ನಿಕಲ್ ಸೇಫ್ ಎಂದು ಬರೆದದ್ದನ್ನೇ ತನ್ನಿ. ಎರಡು ವರ್ಷದ ಕಲ್ಲು ಒಂದೇ ಸಲಕ್ಕೆ ಬಿಡುವುದು ಕಷ್ಟ, ಎರಡು ಮೂರು ಸುತ್ತು ಬೇಕಾಗಬಹುದು. ಆಮೇಲೂ ಶಬ್ದ ನಿಲ್ಲದಿದ್ದರೆ ಆಗರ್ ಹೊರತೆಗೆಸಿ ಬೇರಿಂಗ್ ನೋಡಿಸಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಹಾಕಬೇಡಿ. ‘ಐದೇ ನಿಮಿಷದಲ್ಲಿ ಕ್ಲೀನ್’ ಎಂದು ಅದನ್ನೇ ಸುರಿಯುವವರಿದ್ದಾರೆ. ಅದು ಹೈಡ್ರೋಕ್ಲೋರಿಕ್ ಆಮ್ಲ. ಕಲ್ಲಿನ ಜೊತೆ ಸ್ಟೀಲನ್ನೂ ತಿಂದು ಸಣ್ಣ ಸಣ್ಣ ಗುಳಿ ಮಾಡುತ್ತದೆ. ಮುಂದಿನ ಸಲ ಕಲ್ಲು ಆ ಗುಳಿಗಳಲ್ಲೇ ಇನ್ನೂ ಗಟ್ಟಿಯಾಗಿ ಕೂರುತ್ತದೆ. ಆಮ್ಲದ ಜೊತೆ ಬ್ಲೀಚ್ ಬೆರೆಸುವುದಂತೂ ಪ್ರಾಣಕ್ಕೆ ಅಪಾಯ, ಕ್ಲೋರಿನ್ ಗ್ಯಾಸ್ ಏಳುತ್ತದೆ. ಮೊದಲು ಡಿಸ್ಕೇಲರ್, ಚೆನ್ನಾಗಿ ತೊಳೆದ ಮೇಲೆ ಬೇರೆಯಾಗಿ ಸೋಂಕುನಾಶಕ. ಈ ಕ್ರಮ ತಪ್ಪಬಾರದು.

ಕಂಪನಿಗಳು ಆರು ತಿಂಗಳಿಗೊಮ್ಮೆ ಸಾಕು ಅನ್ನುತ್ತವೆ. ಬೋರ್‌ವೆಲ್ ನೀರಿಗೆ ಮೂರು ತಿಂಗಳು ಇಟ್ಟುಕೊಳ್ಳಿ. ನಳದ ಹೊಳೆ ನೀರು ಸಿಗುವ ದಿನ ಅದನ್ನೇ ಬೇರೆ ಟ್ಯಾಂಕಿನಲ್ಲಿ ಹಿಡಿದು ಮೆಷಿನ್‌ಗೆ ಕೊಡಿ. ಜೊತೆಗೆ ಪಾಲಿಫಾಸ್ಫೇಟ್ ಇರುವ ಫಿಲ್ಟರ್ ಹಾಕಿದರೆ ಕಲ್ಲು ಕಟ್ಟುವುದು ನಿಧಾನವಾಗುತ್ತದೆ.

ಪ್ರಶ್ನೆ: ಮುಳ್ಳಯ್ಯನಗಿರಿ ರಸ್ತೆಯಲ್ಲಿ ನಮ್ಮ ರೆಸಾರ್ಟ್. ಡಿಸ್ಪೆನ್ಸರ್‌ನ ಐಸ್ ಬೀಳುವ ಬಾಯಲ್ಲಿ ಗುಲಾಬಿ ಬಣ್ಣದ ಲೋಳೆ. ಒರೆಸಿದರೆ ವಾರದಲ್ಲಿ ಮತ್ತೆ ಬರುತ್ತದೆ. ಮೂರು ಹಂತದ ಒಳ್ಳೆಯ ಫಿಲ್ಟರ್ ಹಾಕಿದ್ದೇವೆ. ನೀರೇ ಸರಿ ಇಲ್ಲವೇ?

ನೀರಿಗಿಂತ ಗಾಳಿಯ ಮೇಲೆ ನನಗೆ ಅನುಮಾನ ಜಾಸ್ತಿ. ಮೆಷಿನ್ ಎಲ್ಲಿಟ್ಟಿದ್ದೀರಿ? ಅಡುಗೆಮನೆಯಲ್ಲಿ, ದೋಸೆ ಇಡ್ಲಿ ಹಿಟ್ಟು ಹುದುಗುವ ಜಾಗದ ಹತ್ತಿರ ಇದ್ದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಹುದುಗುವ ಕಡೆ ಗಾಳಿಯಲ್ಲಿ ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ತೇಲುತ್ತಿರುತ್ತವೆ. ಒದ್ದೆ ಪ್ಲಾಸ್ಟಿಕ್ ಸಿಕ್ಕರೆ ಅಲ್ಲೇ ಮನೆ ಮಾಡುತ್ತವೆ. ಬೇಕರಿಗಳಲ್ಲಿ ಐಸ್ ಮೆಷಿನ್ ಬೇಗ ಲೋಳೆ ಹಿಡಿಯುವುದೂ ಇದೇ ಕಾರಣಕ್ಕೆ.

ನಿಮ್ಮ ಒಳ್ಳೆಯ ಫಿಲ್ಟರಿಗೂ ಇದರಲ್ಲಿ ಪಾಲಿದೆ. ಕಾರ್ಬನ್ ಫಿಲ್ಟರ್ ಕ್ಲೋರಿನ್ ತೆಗೆಯುತ್ತದೆ. ರುಚಿ ಚೆನ್ನಾಗಿರುತ್ತದೆ, ವಾಸನೆ ಇರುವುದಿಲ್ಲ. ಆದರೆ ಫಿಲ್ಟರ್ ದಾಟಿದ ಮೇಲೆ ನೀರಿಗೆ ಕಾವಲೂ ಇರುವುದಿಲ್ಲ. ಅಲ್ಲಿಂದ ಮುಂದಿನ ಪೈಪ್, ತೊಟ್ಟಿ, ಹಾಪರ್ ಎಲ್ಲವನ್ನೂ ನೀವೇ ಕಾಯಬೇಕು. ಫಿಲ್ಟರ್ ತೆಗೆದುಹಾಕಿ ಎನ್ನುತ್ತಿಲ್ಲ. ಫಿಲ್ಟರ್ ಇದೆಯಲ್ಲ ಎಂದು ತೊಳೆಯುವುದನ್ನು ಬಿಡಬೇಡಿ ಎನ್ನುತ್ತಿದ್ದೇನೆ. ಕಾರ್ಟ್ರಿಡ್ಜನ್ನು ಆರು ತಿಂಗಳಿಗಾದರೂ ಬದಲಿಸಿ, ಹಳೆಯ ಕಾರ್ಬನ್ ತಾನೇ ಕ್ರಿಮಿಗಳ ಗೂಡಾಗುತ್ತದೆ.

ಒರೆಸುವುದರಿಂದ ಲೋಳೆ ಹೋಗುವುದಿಲ್ಲ, ತೆಳುವಾಗುತ್ತದೆ ಅಷ್ಟೇ. ಬಾಯಿಯ ಭಾಗ, ಹಾಪರ್ ಒಳಗಿನ ತಿರುಗುವ ಚಕ್ರ, ಕೆಳಗಿನ ಜಾಲರಿ ಎಲ್ಲವನ್ನೂ ಕಳಚಿ ಸೋಪು ನೀರಲ್ಲಿ ಬ್ರಷ್ ಹಾಕಿ ಉಜ್ಜಿ. ಆಮೇಲೆ ಸೋಂಕುನಾಶಕ. ಶೇಕಡ 5ರ ಹೈಪೋಕ್ಲೋರೈಟ್, ಅಂದರೆ ಬ್ಲೀಚ್ ದ್ರಾವಣ, ಇದ್ದರೆ ಲೀಟರ್ ನೀರಿಗೆ 4 ಮಿಲಿ ಸಾಕು, ಸುಮಾರು 200 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 200 ಭಾಗ) ಆಗುತ್ತದೆ. ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಜಾಸ್ತಿ ಹಾಕಿದರೆ ಜಾಸ್ತಿ ಶುದ್ಧ ಎಂದು ರಾತ್ರಿಯಿಡೀ ನೆನೆಸಿಟ್ಟರೆ ಸ್ಟೀಲ್‌ಗೆ ತುಕ್ಕಿನ ಚುಕ್ಕೆ ಬೀಳುತ್ತದೆ. ಶುರುವಾದ ಮೇಲೆ ಬರುವ ಮೊದಲ ಐಸನ್ನು ಎಸೆಯಿರಿ.

ಡ್ರೈನ್ ಪೈಪಿನ ತುದಿಯನ್ನೂ ನೋಡಿ. ಅದು ನೇರ ಮೋರಿಯ ಒಳಗೆ ಇಳಿದಿದ್ದರೆ ಜಿರಳೆ, ವಾಸನೆ, ಕ್ರಿಮಿ ಎಲ್ಲಕ್ಕೂ ಅದೇ ಹೆದ್ದಾರಿ. ಪೈಪ್ ತುದಿಗೂ ಮೋರಿ ಬಾಯಿಗೂ ನಡುವೆ ಕನಿಷ್ಠ 25 ಮಿಲಿಮೀಟರ್ ಖಾಲಿ ಜಾಗ ಇರಲಿ.

ಪ್ರಶ್ನೆ: ಹಾಸನದ ಕಾಫಿ ಕ್ಯೂರಿಂಗ್ ವರ್ಕ್ಸ್ (ಕಾಫಿ ಬೀಜದ ಸಿಪ್ಪೆ ತೆಗೆದು ಹಸನು ಮಾಡುವ ಕಾರ್ಖಾನೆ) ಒಂದರ ಕ್ಯಾಂಟೀನ್ ನೋಡಿಕೊಳ್ಳುತ್ತೇನೆ. ದಿನಕ್ಕೆ 100 ಕೆ.ಜಿ. ಐಸ್ ಎಂದು ಹೇಳಿ ಕೊಟ್ಟ ಮೆಷಿನ್, ಬೇಸಿಗೆಯಲ್ಲಿ ಅಷ್ಟು ಕೊಡುವುದೇ ಇಲ್ಲ. ಮಧ್ಯಾಹ್ನ ತಾನೇ ಆಫ್ ಆಗುತ್ತದೆ.

ಆಫ್ ಆಗುವುದಕ್ಕೆ ಕಾರಣ ಬಹುಶಃ ನಿಮ್ಮ ಕಾಫಿ ಹೊಟ್ಟು. ಮೆಷಿನ್ ಒಳಗಿನ ಬಿಸಿಯನ್ನು ಹೊರಹಾಕುವ ಕಂಡೆನ್ಸರ್‌ಗೆ ಸಣ್ಣ ಸಣ್ಣ ರೆಕ್ಕೆಗಳಿರುತ್ತವೆ. ಕ್ಯೂರಿಂಗ್ ಸೀಸನ್ನಿನ ಧೂಳು ಅವುಗಳ ನಡುವೆ ಕಂಬಳಿಯಂತೆ ಕೂತರೆ ಗಾಳಿ ಆಡುವುದಿಲ್ಲ. ಒತ್ತಡ ಏರಿ, ಸುರಕ್ಷತೆಯ ಸ್ವಿಚ್ ಮೆಷಿನ್ ನಿಲ್ಲಿಸುತ್ತದೆ. ಬೇರೆಯವರು ತಿಂಗಳಿಗೊಮ್ಮೆ ಬ್ರಷ್ ಮಾಡಿದರೆ ನೀವು ವಾರಕ್ಕೊಮ್ಮೆ ಮಾಡಿ. ಕರೆಂಟ್ ತೆಗೆದು, ರೆಕ್ಕೆಗಳ ಉದ್ದಕ್ಕೆ ಮೆತ್ತನೆಯ ಬ್ರಷ್ ಎಳೆಯಿರಿ. ಅಡ್ಡ ಎಳೆದರೆ ರೆಕ್ಕೆ ಬಾಗುತ್ತವೆ.

100 ಕೆ.ಜಿ. ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಜಾಹೀರಾತಿನ ದೊಡ್ಡ ಅಂಕಿ ಸಾಮಾನ್ಯವಾಗಿ 21 ಡಿಗ್ರಿ ಗಾಳಿ, 10 ಡಿಗ್ರಿ ನೀರಿನದು. ಹಾಸನವನ್ನು ಬಡವರ ಊಟಿ ಅಂದರೂ ಏಪ್ರಿಲ್ ಮಧ್ಯಾಹ್ನ ಕ್ಯಾಂಟೀನ್ ಒಳಗೆ 21 ಡಿಗ್ರಿ ಎಲ್ಲಿ ಬರಬೇಕು? ಕ್ಯಾಟಲಾಗಿನಲ್ಲಿ 32 ಡಿಗ್ರಿ ಗಾಳಿ, 21 ಡಿಗ್ರಿ ನೀರಿನ ಇನ್ನೊಂದು ಅಂಕಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಕೊಳ್ಳುವಾಗ ಅದನ್ನು ಕೇಳಿ. ಐದನೇ ಒಂದು ಭಾಗವೋ, ಇನ್ನೂ ಸ್ವಲ್ಪ ಜಾಸ್ತಿಯೋ ಇಳಿದಿರುತ್ತದೆ. ತಾರಸಿ ಟ್ಯಾಂಕಿನ ಕಾದ ನೀರು ಕೊಟ್ಟರೆ ಅದಕ್ಕಿಂತಲೂ ಕಡಿಮೆ.

ಪ್ರಶ್ನೆ: ಸಕಲೇಶಪುರದಲ್ಲಿ ನಮ್ಮದು ಐಸ್‌ಕ್ರೀಮ್, ಜ್ಯೂಸ್ ಅಂಗಡಿ. ಮಳೆಗಾಲದ ಕೆಂಪು ನೀರಿಗೆ ಹೆದರಿ ಮನೆಯ ಆರ್‌ಒ ಫಿಲ್ಟರನ್ನೇ ಮೆಷಿನ್‌ಗೆ ಜೋಡಿಸಿದೆವು. ಈಗ ಪದೇ ಪದೇ ನೀರಿಲ್ಲ ಎಂಬ ದೀಪ ಹತ್ತುತ್ತದೆ.

ದೀಪ ಹೇಳುತ್ತಿರುವುದು ನಿಜ. ಮನೆಯ ಆರ್‌ಒ ಗಂಟೆಗೆ 10-15 ಲೀಟರ್ ಕೊಡುವುದೇ ಹೆಚ್ಚು, ಅದರಲ್ಲೂ ಒತ್ತಡ ಇರುವುದಿಲ್ಲ. ಈ ಮೆಷಿನ್‌ಗಳಲ್ಲಿ ಹೆಚ್ಚಿನವು ಕನಿಷ್ಠ 1.4 ಬಾರ್‌ನಷ್ಟು ಒತ್ತಡ ಕೇಳುತ್ತವೆ. 10 ಮೀಟರ್ ಎತ್ತರದ ಟ್ಯಾಂಕಿನಿಂದ ಸಿಗುವುದೇ ಸುಮಾರು 1 ಬಾರ್. ಆರ್‌ಒ ಬೇಕೇ ಬೇಕಾದರೆ ದೊಡ್ಡದನ್ನು ಹಾಕಿ, ಮುಚ್ಚಿದ ಟ್ಯಾಂಕ್ ಮತ್ತು ಪ್ರೆಶರ್ ಪಂಪ್ ಸೇರಿಸಿ. ಕೆಲವು ಮೆಷಿನ್‌ಗಳು ನೀರಿನ ಮಟ್ಟವನ್ನು ನೀರಿನಲ್ಲಿ ಹರಿಯುವ ಸಣ್ಣ ವಿದ್ಯುತ್ತಿನಿಂದ ತಿಳಿಯುತ್ತವೆ. ಅಂಥದ್ದಕ್ಕೆ ಲವಣ ತೀರಾ ತೆಗೆದ ನೀರು ಕೊಟ್ಟರೆ ತೊಟ್ಟಿ ತುಂಬಿದ್ದರೂ ಖಾಲಿ ಎಂದೇ ಭಾವಿಸುತ್ತವೆ.

ಅಸಲಿಗೆ ನಿಮ್ಮ ಕಡೆ ನೀರು ಮೆದು. ನಿಮಗಿರುವುದು ಮಣ್ಣಿನ ಕಾಟ, ಲವಣದ್ದಲ್ಲ. ಟ್ಯಾಂಕ್ ತೊಳೆಸಿ, ನೀರಿಗೆ ಕ್ಲೋರಿನ್ ಸರಿಯಾಗಿ ಬೀಳುವಂತೆ ನೋಡಿಕೊಂಡು, 5 ಮೈಕ್ರಾನ್ ಸೆಡಿಮೆಂಟ್ ಫಿಲ್ಟರ್ ಮತ್ತು ಅದರ ನಂತರ ಕಾರ್ಬನ್ ಹಾಕಿದರೆ ಸಾಕಾಗಬಹುದು. ಬದಲಿಸುವ ಮೊದಲು ಒಮ್ಮೆ ನೀರಿನ ಪರೀಕ್ಷೆ ಮಾಡಿಸಿ, ಕ್ರಿಮಿಗಳದ್ದೂ ಸೇರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೆಡಿಮೆಂಟ್ ಕಾರ್ಟ್ರಿಡ್ಜ್ ತಿಂಗಳಿಗೊಂದು ಹೋದರೂ ಆಶ್ಚರ್ಯವಿಲ್ಲ.

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಸಣ್ಣ ನರ್ಸಿಂಗ್ ಹೋಮ್ ನಡೆಸುತ್ತೇವೆ. ವಾರ್ಡಿನ ಡಿಸ್ಪೆನ್ಸರ್ ಐಸನ್ನು ರೋಗಿಗಳಿಗೆ ಕೊಡಬಹುದೇ?

ಸಾಮಾನ್ಯ ರೋಗಿಗಳಿಗೆ, ಮೆಷಿನ್ ಶುದ್ಧವಾಗಿದ್ದರೆ, ಕೊಡಬಹುದು. ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಿಗೆ, ಉದಾಹರಣೆಗೆ ಕೀಮೋ ಆಗುತ್ತಿರುವವರಿಗೆ, ವೈದ್ಯರನ್ನು ಕೇಳದೆ ಕೊಡಬೇಡಿ. ಫ್ರೀಜ್ ಆದರೆ ಕ್ರಿಮಿ ಸಾಯುತ್ತದೆ ಎಂಬ ನಂಬಿಕೆ ತಪ್ಪು. ಹಲವು ಕ್ರಿಮಿಗಳು ಐಸ್‌ನಲ್ಲಿ ಸುಮ್ಮನೆ ಕಾಯುತ್ತವೆ. ಕಂಪ್ರೆಸರ್ ಬಿಸಿಗೆ ಬೆಚ್ಚಗಾದ, ನೀರು ನಿಂತ ಪೈಪಿನಲ್ಲಿ ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವೂ ಇದೆ.

ಆಸ್ಪತ್ರೆಗಳಿಗಾಗಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2003ರಲ್ಲಿ ಕೊಟ್ಟ ಸೂಚನೆಯಲ್ಲಿ ಒಂದು ಒಳ್ಳೆಯ ಕ್ರಮ ಇದೆ. ಕರೆಂಟ್ ತೆಗೆದು, ಐಸ್ ಎಸೆದು, ಬಿಚ್ಚಿ ತೊಳೆದ ಮೇಲೆ 100 ಪಿಪಿಎಂ ಹೈಪೋಕ್ಲೋರೈಟ್ ದ್ರಾವಣವನ್ನು 2 ಗಂಟೆ, ಅಥವಾ 50 ಪಿಪಿಎಂ ಆದರೆ 4 ಗಂಟೆ ಒಳಗೆ ಸುತ್ತಿಸುವುದು. ಆಮೇಲೆ ಶುದ್ಧ ನೀರಿನಿಂದ ತೊಳೆಯುವುದು. ನಿಮ್ಮ ಮೆಷಿನ್ ಪುಸ್ತಕ ಬೇರೆ ಹೇಳಿದರೆ ಅದನ್ನೇ ಪಾಲಿಸಿ. ಐಸ್ ಒಳಗೆ ಇಂಜೆಕ್ಷನ್, ರಕ್ತದ ಸ್ಯಾಂಪಲ್ ಇಡುವ ಅಭ್ಯಾಸ ಯಾರಿಗಾದರೂ ಇದ್ದರೆ ಇವತ್ತೇ ನಿಲ್ಲಿಸಿ. ಕೈ ಹಾಕಿ ತೆಗೆಯುವುದನ್ನೂ.

ಪ್ರಶ್ನೆ: ಮೂಡಿಗೆರೆ ಹತ್ತಿರ ಹೋಂಸ್ಟೇ. ಮಳೆಗಾಲದಲ್ಲಿ ಎರಡು ತಿಂಗಳು ಮುಚ್ಚುತ್ತೇವೆ. ಮೆಷಿನ್ ಹಾಗೇ ಬಿಡಬಹುದೇ?

ನೀರು ತುಂಬಿಸಿ ಬಿಡಬೇಡಿ. ನೀರಿನ ವಾಲ್ವ್ ಮುಚ್ಚಿ, ತೊಟ್ಟಿ ಮತ್ತು ಪೈಪ್ ಖಾಲಿ ಮಾಡಿ, ಹಾಪರ್ ಒರೆಸಿ ಒಣಗಿಸಿ. ಬಾಗಿಲು ಸ್ವಲ್ಪ ತೆರೆದಿರಲಿ, ಇಲ್ಲದಿದ್ದರೆ ಮಲೆನಾಡಿನ ತೇವಕ್ಕೆ ರಬ್ಬರಿನ ಮೇಲೆ ಕಪ್ಪು ಬೂಷ್ಟು ಬರುತ್ತದೆ. ಪ್ಲಗ್ ಕಿತ್ತಿಡಿ, ಸಿಡಿಲಿನ ಭಯವೂ ಇದೆ. ಫಿಲ್ಟರ್ ಕಾರ್ಟ್ರಿಡ್ಜ್ ಉಳಿಸಲು ಹೋಗಬೇಡಿ, ತೆರೆಯುವಾಗ ಹೊಸದು ಹಾಕಿ. ಕರೆಂಟ್ ಹೋಗಿ ಬಂದಾಗ ಕಂಪ್ರೆಸರ್ ತಕ್ಷಣ ಶುರುವಾಗದಂತೆ ಮೂರು ನಿಮಿಷ ತಡೆಯುವ ಸ್ಟೆಬಿಲೈಸರ್ ಇಲ್ಲದಿದ್ದರೆ, ಆ ಎರಡು ತಿಂಗಳ ಬಿಡುವಿನಲ್ಲೇ ಹಾಕಿಸಿಬಿಡಿ. ಅರ್ಥಿಂಗ್ ಕೂಡ ಆಗಲೇ ನೋಡಿಸಿ.